ತಮ್ಮನಿಗೆ ರಕ್ತಭೇದಿ ನಿಲ್ತಿಲ್ಲ, ಕೊಲೊನೋಸ್ಕೋಪಿ ಬರೆದಿದ್ದಾರೆ. ಅನುಭವ ಇದ್ದವರು ಹೇಳಿ

ತಮ್ಮನಿಗೆ 24 ವರ್ಷ. ತಿಂಗಳುಗಳಿಂದ ಹೊಟ್ಟೆ ಸರಿಯಿಲ್ಲ. ದಿನಕ್ಕೆ ಐದಾರು ಸಲ ಓಡ್ತಾನೆ, ಲೋಳೆ ಹೋಗುತ್ತೆ, ಆಗಾಗ ರಕ್ತ. ತೂಕ ಇಳಿದಿದೆ. ಊರಿನ ಡಾಕ್ಟರು ಮೊದಲು ಆಮಶಂಕೆ ಅಂತ ಮೆಟ್ರೋನಿಡಜೋಲ್ ಕೊಟ್ಟರು, ಆಮೇಲೆ ಪೈಲ್ಸ್ ಅಂದರು. ಈಗ ಗ್ಯಾಸ್ಟ್ರೋ ಡಾಕ್ಟರು ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತ) ಇರಬಹುದು ಅಂತಿದ್ದಾರೆ. ನಮ್ಮ ಮಾವ ‘ಐಬಿಎಸ್ (ಉರಿಯೂತ ಇಲ್ಲದೆ ಕರುಳು ಕೆರಳೋ ತೊಂದರೆ) ಅಷ್ಟೇ, ಟೆನ್ಷನ್ನಿಂದ ಬರೋದು’ ಅಂತಾರೆ. ಗುದದಿಂದ ಕ್ಯಾಮೆರಾ ಕೊಳವೆ ಹಾಕಿ ನೋಡೋ ಈ ಕೊಲೊನೋಸ್ಕೋಪಿ ಬೇಕೇ ಬೇಕಾ?

ದಾವಣಗೆರೆಯಿಂದ:
ಮಾವನವರಿಗೆ ಒಂದು ಮಾತು ಕೇಳಿ: ಹುಡುಗ ರಾತ್ರಿ ನಿದ್ದೆಯಿಂದ ಎದ್ದು ಓಡ್ತಾನಾ? ಐಬಿಎಸ್ ಎಷ್ಟೇ ಕಾಡಿದರೂ ಸಾಮಾನ್ಯವಾಗಿ ನಿದ್ದೆ ಕೆಡಿಸಿ ಎಬ್ಬಿಸೋದಿಲ್ಲ, ರಕ್ತ ಬರೋದಿಲ್ಲ, ತೂಕ ಇಳಿಯೋದಿಲ್ಲ. ಅದರಲ್ಲಿ ಕರುಳು ನೋಡೋಕೆ ಚೆನ್ನಾಗೇ ಇರುತ್ತೆ. ಐಬಿಡಿಯಲ್ಲಿ ಕರುಳಿನ ಒಳಪದರಕ್ಕೇ ಉರಿಯೂತ, ಹುಣ್ಣು. ಹಾಗಾಗಿ ಒಳಗೆ ನೋಡದೆ ತೀರ್ಮಾನ ಆಗಲ್ಲ.

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ, ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್. ನನಗಿರೋದು ಮೊದಲನೆಯದು. ನನಗೂ ಮೊದಲು ಮೂಲವ್ಯಾಧಿಯ ಮುಲಾಮನ್ನೇ ಕೊಟ್ಟಿದ್ದರು. ಮೂಲವ್ಯಾಧಿ ರಕ್ತ ಹೆಚ್ಚಾಗಿ ಕೊನೆಯಲ್ಲಿ ಕೆಂಪಗೆ ತೊಟ್ಟಿಕ್ಕುತ್ತೆ. ನನ್ನದು ಲೋಳೆಯಲ್ಲಿ ಕಲೆಸಿ ಬರುತ್ತಿತ್ತು, ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನೋ ಒತ್ತಡ. ಈ ಕಾಯಿಲೆ ಗುದದ್ವಾರದ ಹತ್ತಿರ ಶುರುವಾಗಿ ಎಡೆ ಬಿಡದೆ ಮೇಲಕ್ಕೆ ಹಬ್ಬುತ್ತೆ, ದೊಡ್ಡ ಕರುಳು ದಾಟಲ್ಲ. ಕ್ರೋನ್ಸ್ ಆದರೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ನಡುನಡುವೆ ಜಾಗ ಬಿಟ್ಟು ಬರುತ್ತೆ.

ಸ್ಕೋಪಿಗೆ ಹೆದರಬೇಡಿ, ಮಂಪರು ಕೊಡ್ತಾರೆ. ಕಷ್ಟ ಇರೋದು ಹಿಂದಿನ ಸಂಜೆ ಕುಡಿಯೋ ಪೌಡರ್ ನೀರಲ್ಲಿ. ತಣ್ಣಗೆ ಮಾಡಿ, ನಿಂಬೆ ಹೋಳು ಚೀಪುತ್ತಾ ಕುಡಿಸಿ. ಸೊಪ್ಪು, ರಾಗಿ, ಬೀಜ ಇರೋ ಹಣ್ಣು ಮೊದಲೇ ನಿಲ್ಲಿಸಿ. ಕೊನೆಗೆ ಹೋಗೋದು ತಿಳಿ ಹಳದಿ ನೀರಾಗಿರಬೇಕು, ಇಲ್ಲದಿದ್ದರೆ ಸರಿಯಾಗಿ ಕಾಣದೆ ಇನ್ನೊಂದು ಸಲ ಕರೀತಾರೆ. ಕಬ್ಬಿಣಾಂಶದ ಮಾತ್ರೆ ತಗೊಳ್ತಿದ್ದರೆ ಯಾವಾಗ ನಿಲ್ಲಿಸಬೇಕು ಅಂತ ಕೇಳಿ.

ರಕ್ತ ಬೆರೆತು ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಹೋಗ್ತಿದ್ದು, ಜೊತೆಗೆ ಜ್ವರವೋ ನಾಡಿ ಜೋರಾಗೋದೋ ಇದ್ದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಅವತ್ತೇ ಅಡ್ಮಿಟ್ ಮಾಡಿಸಿ.

ಹುಬ್ಬಳ್ಳಿಯಿಂದ:
ಅಕ್ಕಾರ, ನಮ್ಮ ಕಡೆ ಇನ್ನೊಂದು ತೊಡಕು ಐತಿ, ಟಿಬಿ. ಕರುಳಿಗೂ ಕ್ಷಯ ಆಗ್ತದ. ಸಣ್ಣ ಕರುಳು ದೊಡ್ಡ ಕರುಳು ಕೂಡೋ ಜಾಗದಾಗ ಹುಣ್ಣು ಇದ್ರ ಟಿಬಿನೋ ಕ್ರೋನ್ಸೋ ಅಂತ ಎಂಥಾ ಡಾಕ್ಟರಿಗೂ ಕಣ್ಣಿಗೆ ನೋಡಿ ಹೇಳೂದು ಕಷ್ಟ. ನನ್ನ ಬಯಾಪ್ಸಿಯೊಳಗ (ಕರುಳಿನ ಚೂರು ತಗದು ಮಾಡೂ ಪರೀಕ್ಷೆ) ಗ್ರಾನುಲೋಮಾ, ಅಂದ್ರ ಉರಿಯೂತದ ಜೀವಕೋಶಗಳ ಸಣ್ಣ ಗಂಟು, ಬಂತು, ಅದು ಎರಡರಾಗೂ ಇರ್ತದಂತ. ಟಿಬಿ ಕ್ರಿಮಿ ಹುಡುಕೂ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್. ಆದ್ರ ಕರುಳಿನ ಟಿಬಿಯೊಳಗ ಕ್ರಿಮಿ ಭಾಳ ಕಡಿಮಿ ಇರ್ತಾವ, ನೆಗೆಟಿವ್ ಬಂತಂತ ಟಿಬಿ ಇಲ್ಲ ಅನ್ನಾಕ ಬರೂದಿಲ್ಲ ಅಂದ್ರು. ಕಡೀಗೆ ಟಿಬಿ ಗುಳಿಗಿ ಚಾಲೂ ಮಾಡಿದ್ರು.

ಗುಳಿಗಿ ತಗೊಂಡ ಮ್ಯಾಲೆ ನನಗ ಚೂರು ಆರಾಮನೂ ಅನಿಸ್ತು. ಮನ್ಯಾಗ ಎಲ್ಲಾರೂ ‘ಟಿಬಿನ, ಮುಗೀತು’ ಅಂದ್ರು. ಆದ್ರ ಡಾಕ್ಟರು ಬಿಡಲಿಲ್ಲ, ಎರಡು ಮೂರು ತಿಂಗಳಿಗೆ ಮತ್ತ ಸ್ಕೋಪ್ ಹಾಕಿದ್ರು. ಟಿಬಿ ಇದ್ರ ಅಷ್ಟರಾಗ ಹುಣ್ಣು ಮಾಯಬೇಕು. ನನ್ನವು ಹಂಗ ಇದ್ವು. ಆವಾಗ ಕ್ರೋನ್ಸ್ ಅಂತ ಖಾತ್ರಿ ಆತು. ಆರಾಮ ಅನಿಸ್ತು ಅಂತ ಎರಡನೇ ಸ್ಕೋಪ್ ತಪ್ಪಿಸಿದವ್ರು ಒಂಬತ್ತು ತಿಂಗಳು ಸುಮ್ನ ಗುಳಿಗಿ ನುಂಗಿದ್ದು ನೋಡೀನಿ.

ಇದಕ್ಕ ಹೇಳ್ತೀನಿ, ಯಾರರ ‘ಮೊದ್ಲ ಸ್ಟಿರಾಯ್ಡ್ ಕೊಟ್ಟು ನೋಡೂಣು’ ಅಂದ್ರ ಟಿಬಿ ವಿಚಾರ ಏನಾತು ಅಂತ ಕೇಳ್ರಿ. ಒಳಗ ಟಿಬಿ ಇದ್ದು ಸ್ಟಿರಾಯ್ಡ್ ಬಿದ್ರ ಅದು ಹಬ್ಬಿ ಬಿಡ್ತದ.

ಲೀಡ್ಸ್‌ನಿಂದ (ಮೂಲ ಶಿವಮೊಗ್ಗ):
ಇಲ್ಲಿ ಟಿಬಿ ಕಡಿಮೆ, ಆ ತಲೆನೋವು ಅಷ್ಟಿಲ್ಲ. ಐಬಿಎಸ್ಸೋ ಐಬಿಡಿಯೋ ಅನ್ನೋ ಅನುಮಾನ ಇದ್ದಾಗ ಜಿಪಿ (ಮೊದಲು ನೋಡೋ ಸಾಮಾನ್ಯ ಡಾಕ್ಟರು) ಮೊದಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸ್ತಾರೆ, ಕರುಳಲ್ಲಿ ಉರಿಯೂತ ಇದ್ದರೆ ಏರೋ ಪ್ರೋಟೀನ್ ಅದು. 2013ರಿಂದ ಇಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡೋ ನೈಸ್ ಸಂಸ್ಥೆಯ ಶಿಫಾರಸೇ ಇದೆ. ಭಾರತದ ದೊಡ್ಡ ಲ್ಯಾಬ್‌ಗಳಲ್ಲೂ ಸಿಗುತ್ತೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಐಬಿಡಿ ಸಾಧ್ಯತೆ ಕಡಿಮೆ, 250 ದಾಟಿದರೆ ಉರಿಯೂತ ಇರೋ ಸಂಭವ ಜಾಸ್ತಿ. ಆದರೆ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನುಂಗಿದ್ದರೂ, ಸೋಂಕು ಇದ್ದರೂ ಏರುತ್ತೆ. ಟಿಬಿಯಲ್ಲೂ ಏರುತ್ತೆ. ನಿಮ್ಮ ತಮ್ಮನಿಗೆ ರಕ್ತ ಹೋಗ್ತಿದೆ, ತೂಕ ಇಳಿದಿದೆ. ಇದೊಂದನ್ನೇ ನಂಬಿಕೊಂಡು ಸ್ಕೋಪ್ ಮುಂದೂಡಬೇಡಿ.

ಪ್ರಶ್ನೆ ಕೇಳಿದವರು:
ಕೇಳಿದೆ, ರಾತ್ರಿ ಎರಡು ಸಲ ಏಳ್ತಾನಂತೆ, ನಮಗೆ ಹೇಳೇ ಇರಲಿಲ್ಲ. ಮಂಡಿ ನೋವೂ ಇದೆಯಂತೆ. ಸ್ಕೋಪ್ ಮುಂದಿನ ವಾರ. ಡಾಕ್ಟರ ಹತ್ತಿರ ಏನೇನು ಕೇಳಲಿ?

ದಾವಣಗೆರೆಯಿಂದ:
ಮಂಡಿ ನೋವು ತಪ್ಪದೆ ಹೇಳಿ, ಬಾಯಿಹುಣ್ಣು, ಕಣ್ಣು ಕೆಂಪಾಗೋದು ಇದ್ದರೆ ಅದನ್ನೂ. ಇವೆಲ್ಲ ಇದೇ ಕಾಯಿಲೆಯ ಜೊತೆ ಬರಬಹುದು. ಸ್ಕೋಪ್ ಸಣ್ಣ ಕರುಳಿನ ಕೊನೆವರೆಗೂ ಹೋಗುತ್ತಾ, ಚೆನ್ನಾಗಿ ಕಾಣೋ ಜಾಗದಿಂದಲೂ ಬಯಾಪ್ಸಿ ತೆಗೀತೀರಾ ಅಂತ ಕೇಳಿ. ರಿಪೋರ್ಟ್ ಜೊತೆ ಫೋಟೋಗಳನ್ನೂ ಇಸ್ಕೊಳ್ಳಿ. ಬಯಾಪ್ಸಿ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಇಟ್ಟಿರೋ ಚೂರು) ಕೇಳಿದರೆ ಕೊಡ್ತಾರೆ, ಬೇರೆ ಕಡೆ ತೋರಿಸಬೇಕಾದಾಗ ಹುಡುಗನಿಗೆ ಮತ್ತೆ ಆ ಪೌಡರ್ ನೀರು ಕುಡಿಸೋದು ತಪ್ಪಬಹುದು.