ತಮ್ಮಗ ಏಳು ತಿಂಗ್ಳಿಂದ ಎಚ್ಚರಿಲ್ಲ, ವೆಂಟಿಲೇಟರ್ ಹಾಕಿಸ್ಬೇಕೋ ಬ್ಯಾಡೋ? ಅನುಭವ ಇದ್ದೋರು ಹೇಳ್ರಿ

ಸಿಂಧನೂರು ರೋಡಿನ್ಯಾಗ ಬೈಕ್ ಬಿದ್ದು ತಮ್ಮನ ತಲಿಗೆ ಪೆಟ್ಟಾಗಿ ಏಳು ತಿಂಗ್ಳಾತು. ಕಣ್ಣು ತೆರಿತಾನ, ಮಲಗ್ತಾನ, ಗುರುತಿಲ್ಲ, ಮೂಗಿನ ಪೈಪಿನ್ಯಾಗ ಊಟ. ವೆಜಿಟೇಟಿವ್, ಅಂದ್ರ ಕಣ್ಣು ತೆರದ್ರೂ ಅರಿವಿಲ್ಲ ಅಂತ ಬರದಾರ. ಮತ್ತ ನಿಮೋನಿಯಾ ಆದ್ರ ವೆಂಟಿಲೇಟರ್ ಬೇಕೋ ಬ್ಯಾಡೋ ಈಗ್ಲೇ ಹೇಳ್ರಿ ಅಂತಾರ ಡಾಕ್ಟ್ರು. ನನ್ನ ನೋಡ್ತಾನ ಅಂತಾಳ ಅವ್ವ, ಆಕಿ ಭ್ರಮಿ ಅಂತಾರ ಉಳದೋರು. ನಾವು ರಾಯಚೂರಿನೋರು.

ಕೊಪ್ಪಳದಿಂದ:
ಅಕ್ಕಾರ, ಅವ್ವನ ಮಾತು ತಳ್ಳಿಹಾಕಬ್ಯಾಡ್ರಿ. ನಮ್ಮಪ್ಪಗೂ ಹಿಂಗ ಬರದಿದ್ರು, ರೌಂಡ್ಸಿಗೆ ಬಂದು ಹೆಸ್ರು ಕರದು ಉಗುರು ಒತ್ತಿ ನೋಡಿ ಹೋಗ್ತಿದ್ರು ಅಷ್ಟ. ಒಂದಿನ ಗಡ್ಡ ಮಾಡೂಮುಂದ ಕನ್ನಡಿ ಆಕಡಿ ಈಕಡಿ ಸರಿಸಿದ್ರ ಕಣ್ಣೂ ಅದರ ಹಿಂದ ಬಂದ್ವು, ವಾರಗಟ್ಲೆ ವಿಡಿಯೊ ಮಾಡಿ ನ್ಯೂರೋ ಡಾಕ್ಟ್ರಿಗೆ ತೋರ್ಸಿದ್ವಿ, ಅವ್ರೂ ಕನ್ನಡಿ ಹಿಡದು ಬ್ಯಾರೆ ಬ್ಯಾರೆ ದಿನ ನೋಡಿ ಅಲ್ಪ ಎಚ್ಚರ ಐತಿ, ಮಿನಿಮಲಿ ಕಾನ್ಷಿಯಸ್ ಅಂದ್ರು. 2009ರ ಒಂದು ಅಧ್ಯಯನದಾಗ ಡಾಕ್ಟ್ರೆಲ್ಲ ಸೇರಿ ವೆಜಿಟೇಟಿವ್ ಅಂದಿದ್ದ 44 ಮಂದಿಯಾಗ 18 ಮಂದಿಗೆ ಹಿಂಗ ಅಲ್ಪ ಎಚ್ಚರ ಇತ್ತಂತ.

ಆದ್ರ ಗೊತ್ತಾದಮ್ಯಾಲ ಸರಳ ಆಗ್ತದ ಅಂದ್ಕೊಂಡಿದ್ದೆ, ಉಲ್ಟಾ ಆತು. ಎಚ್ಚರ ಇದ್ದೋರಿಗೆ ನೋವೂ ಇರ್ತದಲ್ಲ? ಅಷ್ಟು ದಿನ ಫಿಸಿಯೋ ಮಾಡ್ಸೂಮುಂದ ಒಂದು ನೋವಿನ ಗುಳಿಗಿ ಕೊಟ್ಟಿರಲಿಲ್ಲ, ಅದು ಈಗ್ಲೂ ಚುಚ್ಚತದ. ನಿಮೋನಿಯಾ ಎರಡನೇ ಸಲ ಬಂದಾಗ ನಾವು ಇಂಜೆಕ್ಷನ್, ಆಕ್ಸಿಜನ್ ಬೇಕು, ವೆಂಟಿಲೇಟರ್ ಬ್ಯಾಡ ಅಂದ್ವಿ. ಯಾಕಂದ್ರ ನಮ್ಮಪ್ಪ, ಅವ್ರ ಅಣ್ಣ ಐಸಿಯುದಾಗ ಇದ್ದಾಗ, ‘ನನಗ ಹಿಂಗ ಪೈಪ್ ಹಾಕಿ ಕಟ್ಟಿಹಾಕಬ್ಯಾಡ್ರಪಾ’ ಅಂದಿದ್ರು. ನಿಮ್ಮ ತಮ್ಮ ಏನಂತಿದ್ದ ಅಂತ ಅವನ ದೋಸ್ತರನ್ನೂ ಕೇಳ್ರಿ. ಅವಂದು ಹರೇದ ವಯಸ್ಸು, ಪೆಟ್ಟಿಂದಾದದ್ದು, ಏಳು ತಿಂಗ್ಳಿಗೆ ಬಾಗ್ಲು ಹಾಕ್ದಂಗ ಅಲ್ಲ. ನಮ್ಮಪ್ಪಂದು ಹೃದಯ ನಿಂತು ಮಿದುಳಿಗೆ ಆಕ್ಸಿಜನ್ ಹೋಗ್ಲಾರದ ಆದದ್ದು, ಅಂಥದ್ರಾಗ ಸುಧಾರಣಿ ಕಮ್ಮಿ.

ಬಳ್ಳಾರಿಯಿಂದ:
ಕಾನೂನಿನ ವಿಷ್ಯ ಒಂದ್ಮಾತು. ಹಾಕಿದ ವೆಂಟಿಲೇಟರ್ ತೆಗೀಬೇಕು ಅಂದ್ರೆ ಮನೆಯೋರ ಸೈನ್ ಒಂದೇ ಸಾಲಲ್ಲ, 2018ರ ಸುಪ್ರೀಂ ಕೋರ್ಟ್ ತೀರ್ಪು, 2023ರಲ್ಲಿ ಸರಳ ಮಾಡಿದ ನಿಯಮದ ಪ್ರಕಾರ ಎರಡು ಮೆಡಿಕಲ್ ಬೋರ್ಡ್ (ಡಾಕ್ಟ್ರ ಮಂಡಳಿ) ಒಪ್ಬೇಕು. ಮೊದ್ಲು, ಹಲ್ಲೆಯಾಗಿ ವೆಜಿಟೇಟಿವ್ ಆಗಿದ್ದ ನರ್ಸ್ ಅರುಣಾ ಶಾನಭಾಗ್ ಕೇಸಲ್ಲಿ (2011) ಆಕೆಗೆ ಊಟ ಕೊಡೋದು ನಿಲ್ಲಿಸ್ಬೇಕು ಅಂತ ಅರ್ಜಿ ಹಾಕಿದ್ರು, ಮುಂಬೈ ಕೆಇಎಂ ಆಸ್ಪತ್ರೆಲಿ ಆಕೆನ್ನ 1973ರಿಂದ ನೋಡ್ಕೊಂಡ ಸಿಬ್ಬಂದಿ ನಿಲ್ಲಿಸೋದು ಬ್ಯಾಡ ಅಂದ್ರು, ಕೋರ್ಟ್ ಅವ್ರ ಮಾತಿಗೇ ಬೆಲೆ ಕೊಡ್ತು. ಅದಕ್ಕೇ ಡಾಕ್ಟ್ರ ಜೊತೆ ಕೂತಾಗ ಅವ್ವನ್ನೂ ಕೂರಿಸ್ಕೊಳ್ರಿ, ಹೊರಗ ಬೆಂಚ್ ಮೇಲೆ ಬಿಡ್ಬ್ಯಾಡ್ರಿ.

ಕೇಳಿದೋಳು:
ನಾಳೆ ಮುಂಜಾನೆ ಕನ್ನಡಿ ಒಯ್ತೀನಿ. ದೊಡ್ಡದು ಬೇಕೋ, ಶೇವಿಂಗಿಂದು ಸಾಕೋ?