ಮಾವನವರ ಬೂಟಿಗೆ ಪಾಲಿಶ್ ಹಾಕಿಸಬೇಕೇ?

ಪ್ರಶ್ನೆ: ದಾವಣಗೆರೆಯ ರಸಮಂಜರಿ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದ ನಮ್ಮ ಸೋದರಮಾವನವರು ಹೋದ ವರ್ಷ ತೀರಿಕೊಂಡರು. ಗಣೇಶನ ಪೆಂಡಾಲಿಗೂ ದುರ್ಗಾಂಬಿಕೆಯ ಜಾತ್ರೆಗೂ ಪೇಟೆಗೂ ಅವರು ಹಾಕಿಕೊಂಡು ಹೋಗುತ್ತಿದ್ದುದು ಒಂದೇ ಜೊತೆ ಕಪ್ಪು ಚರ್ಮದ ಬೂಟು. ಸಂಗ್ರಾಹಕರೊಬ್ಬರು ಅದನ್ನು ಕೇಳುತ್ತಿದ್ದಾರೆ. ಹೊಸ ಅಟ್ಟೆ ಹಾಕಿಸಿ, ಪಾಲಿಶ್ ಮಾಡಿಸಿದರೆ ಬೆಲೆ ಹೆಚ್ಚಬಹುದೇ ಸರ್?

ಉತ್ತರ (ಚರ್ಮದ ವಸ್ತುಗಳ ಸಂರಕ್ಷಕರು): ದಯವಿಟ್ಟು ಎರಡನ್ನೂ ಮಾಡಿಸಬೇಡಿ. ನೀವು ಹಾಕಿರುವ ಫೋಟೋದಲ್ಲಿ ಬಲಗಾಲಿನ ಬೂಟಿನ ಮೂತಿಯ ಮೇಲೆ ಕಾಸಿನಗಲ ಕಪ್ಪು ಬಣ್ಣ ಹೋಗಿ ಕಂದು ಚರ್ಮ ಕಾಣುತ್ತಿದೆ, ಎಡಗಾಲಿನದರಲ್ಲಿ ಹಾಗಿಲ್ಲ. ಗಿಟಾರಿನ ದನಿ ಬದಲಿಸುವ ಪೆಡಲನ್ನು ವರ್ಷಗಟ್ಟಲೆ ಒತ್ತಿದ ಕಾಲಿನ ಗುರುತು ಅದಾಗಿರಬಹುದಾದ್ದರಿಂದ, ಬಣ್ಣ ಬಳಿದು ಅದನ್ನು ಮುಚ್ಚಿದರೆ ಬೂಟು ಮಾವನವರದು ಎಂದು ಹೇಳುವ ಸಾಕ್ಷಿಯನ್ನೇ ನೀವು ಅಳಿಸಿದಂತಾಗುತ್ತದೆ. 1993ರಲ್ಲಿ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಅಮೆರಿಕದ ರಾಕ್ ಗಾಯಕ ಕರ್ಟ್ ಕೋಬೇನ್ ತೊಟ್ಟಿದ್ದ ಸ್ವೆಟರು 2019ರ ಹರಾಜಿನಲ್ಲಿ 3,34,000 ಡಾಲರಿಗೆ ಹೋದಾಗ ಅದನ್ನು ಒಗೆದಿರಲಿಲ್ಲ. ಕಲೆಗಳೂ ಸುಟ್ಟ ತೂತೂ ಹಾಗೆಯೇ ಇದ್ದವು.

ಬೂಟು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದೂ ಅಷ್ಟೇ ಮುಖ್ಯ. ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿಯವರು 1958ರಲ್ಲಿ ಸೈನ್ಯಕ್ಕೆ ಸೇರುವ ಮುನ್ನ ಗೆಳೆಯನಿಗೆ ಕೊಟ್ಟಿದ್ದ ನೀಲಿ ಸ್ವೀಡ್ (ಮಖಮಲ್ಲಿನಂಥ ಮೃದು ಚರ್ಮ) ಶೂಗಳು 2024ರಲ್ಲಿ ಇಂಗ್ಲೆಂಡಿನಲ್ಲಿ 1,20,000 ಪೌಂಡಿಗೆ ಮಾರಾಟವಾದವು. ನಮ್ಮೂರಿನ ಕಲಾವಿದರ ಬೂಟಿಗೆ ಅಂಥ ಬೆಲೆ ಬಾರದು, ಆದರೆ ಪರೀಕ್ಷಿಸುವ ಕ್ರಮ ಒಂದೇ. ಹಳೆಯ ಕಾರ್ಯಕ್ರಮಗಳ ಫೋಟೋಗಳನ್ನು ಹುಡುಕಿರಿ. ನಡೆದು ನಡೆದು ಚರ್ಮದ ಮೇಲೆ ಬೀಳುವ ನೆರಿಗೆಗಳು ಒಂದು ಜೊತೆಯಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ, ಸ್ಪಷ್ಟವಾದ ಒಂದು ಚಿತ್ರ ಸಿಕ್ಕರೂ ಹೋಲಿಸಿ ನೋಡಲು ಸಾಧ್ಯ. ಜೊತೆಗೆ ನುಡಿಸಿದವರು ಇದ್ದರೆ ಅವರಿಂದ ನಾಲ್ಕು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ. ಅವರಿಗೂ ವಯಸ್ಸಾಗಿರುತ್ತದೆ, ತಡಮಾಡಬೇಡಿ.

ಪ್ರಶ್ನೆ: ಧನ್ಯವಾದಗಳು ಸರ್. ಮಳೆಗಾಲದಲ್ಲಿ ಒಳಗಡೆ ಸ್ವಲ್ಪ ಬೂಷ್ಟು ಹಿಡಿದಿದೆ. ಅಮ್ಮ ಕೊಬ್ಬರಿ ಎಣ್ಣೆ ಸವರಿ ಬಿಸಿಲಿಗಿಡು ಎನ್ನುತ್ತಾರೆ.

ಉತ್ತರ: ಎಣ್ಣೆಯೂ ಬೇಡ, ಬಿಸಿಲೂ ಬೇಡ. ಎಣ್ಣೆ ಧೂಳನ್ನು ಹಿಡಿದು ಚರ್ಮವನ್ನು ಕಪ್ಪಾಗಿಸುತ್ತದೆ, ಬಿಸಿಲು ಅದನ್ನು ಒಣಗಿಸಿ ಬಿರಿಯಿಸುತ್ತದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ನೆರಳಿನಲ್ಲಿ ಒಣ ಮೃದು ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ತೆಗೆಯಿರಿ. ಆಕಾರ ಕೆಡದಂತೆ ಒಳಗೆ ಆಮ್ಲರಹಿತ ಬಿಳಿ ಕಾಗದ ತುಂಬಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಮರಳಿ ಬರುತ್ತದೆ. ಶೀಟಿನ ಮಾಡಿನ ಕೆಳಗಿನ ಅಟ್ಟದ ಮೇಲೆ ಮಾತ್ರ ಇಡಬೇಡಿ, ಬೇಸಿಗೆಯಲ್ಲಿ ಆ ಕಾವಿಗೆ ಅಟ್ಟೆಯ ಅಂಟು ಬಿಡುತ್ತದೆ. ಹಳೆಯ ಲೇಸುಗಳನ್ನೂ ಬಿಚ್ಚಬೇಡಿ. ಆ ಗಂಟು ಮಾವನವರೇ ಹಾಕಿದ್ದು.