ಕತ್ತಲ ಆಕಾಶಕ್ಕೆ ಜಾಗ ಹುಡುಕುವಾಗ: ಬೆಂಗಳೂರಿನ ಹವ್ಯಾಸಿಗಳಿಗೆ ಕೆಲವು ಅನುಭವಗಳು

ಪ್ರಶ್ನೆ: ನಾವು ಬೆಂಗಳೂರಿನ ಮೂವರು ಹವ್ಯಾಸಿ ವೀಕ್ಷಕರು. ನಮ್ಮಲ್ಲಿ 8 ಇಂಚಿನ ಡಾಬ್ಸೋನಿಯನ್ (ಸರಳವಾದ ಪೀಠದ ಮೇಲೆ ತಿರುಗುವ, ಕನ್ನಡಿಯ) ದೂರದರ್ಶಕವಿದೆ. ತಾರಸಿಯಿಂದ ಚಂದ್ರ, ಗುರು, ಶನಿಗಳನ್ನು ನೋಡಿದ್ದಾಗಿದೆ. ಇನ್ನು ಗೆಲಾಕ್ಸಿ, ನೀಹಾರಿಕೆಗಳನ್ನು ನೋಡಬೇಕೆಂಬ ಆಸೆ. ಅಮಾವಾಸ್ಯೆಯ ಆಸುಪಾಸಿನ ವಾರಾಂತ್ಯಗಳಲ್ಲಿ ಕಾರಿನಲ್ಲಿ ಹೋಗಿಬರಬಹುದಾದ ಜಾಗವನ್ನು ಹೇಗೆ ಆರಿಸಿಕೊಳ್ಳಬೇಕು? ಹಣ ಕೂಡಿಸಿಕೊಂಡು ಒಮ್ಮೆ ಲಡಾಖಿನ ಹಾನ್ಲೆಗೇ ಹೋಗಿಬರುವುದು ಮೇಲೇ?

ಉತ್ತರ 1

ಬಹುತೇಕರು ಬೆಳಕಿನ ಮಾಲಿನ್ಯದ ನಕ್ಷೆಯನ್ನು ತೆರೆದು, ಹತ್ತಿರದಲ್ಲಿ ಬಣ್ಣ ಎಲ್ಲಿ ಕಪ್ಪಗಿದೆಯೋ, ಅಂದರೆ ಬೆಳಕು ಎಲ್ಲಿ ಕಡಿಮೆಯೋ ಅಲ್ಲಿಗೆ ಹೊರಟುಬಿಡುತ್ತಾರೆ. ನಕ್ಷೆ ಬೇಕು, ಆದರೆ ಅದರಿಂದ ತಿಳಿಯುವುದು ಹೆಚ್ಚೆಂದರೆ ನೆತ್ತಿಯ ಮೇಲಿನ ಆಕಾಶ ಎಷ್ಟು ಕಪ್ಪಗಿದೆ ಎಂಬುದು. ನಗರದ ಬೆಳಕು ಯಾವ ದಿಕ್ಕಿನ ದಿಗಂತವನ್ನು ಕೆಡಿಸುತ್ತದೆ ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು, ಮತ್ತು ನನ್ನ ಅಭಿಪ್ರಾಯದಲ್ಲಿ ದಕ್ಷಿಣ ಕರ್ನಾಟಕದವರಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಏಕೆಂದರೆ ನಮ್ಮ ಅಕ್ಷಾಂಶದ ನಿಜವಾದ ಸಂಪತ್ತು ದಕ್ಷಿಣದ ಆಕಾಶ. ಒಮೆಗಾ ಸೆಂಟಾರಿ ಎಂಬ ಬೃಹತ್ ಗೋಳಗುಚ್ಛ (ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು) 12 ಡಿಗ್ರಿ ಅಕ್ಷಾಂಶದಲ್ಲಿ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೇರುತ್ತದೆ. ಹಾನ್ಲೆಯಲ್ಲಿ ಅದು 10 ಡಿಗ್ರಿಯನ್ನೂ ಮುಟ್ಟುವುದಿಲ್ಲ. ತ್ರಿಶಂಕು ನಕ್ಷತ್ರಪುಂಜದ ಅತ್ಯಂತ ಪ್ರಕಾಶಮಾನವಾದ ನಕ್ಷತ್ರವಂತೂ ಅಲ್ಲಿ ಹುಟ್ಟುವುದೇ ಇಲ್ಲ, ನಮ್ಮಲ್ಲಿ ಸುಮಾರು 15 ಡಿಗ್ರಿ ಎತ್ತರಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ, ಸುಮಾರು 12.5 ಡಿಗ್ರಿ ಅಕ್ಷಾಂಶದಲ್ಲಿದೆ. ದಕ್ಷಿಣದ ಆಕಾಶದ ಬಹುಭಾಗ ಕೈಗೆಟುಕುವುದು ಆ ಜಾಗದ ದೊಡ್ಡ ಅನುಕೂಲ.

ಆದ್ದರಿಂದ ಮಧುಗಿರಿ, ಪಾವಗಡದ ಕಡೆಗೆ ಹೋದರೆ ಒಣ ಹವೆ, ವಿಶಾಲವಾದ ಬಯಲು ಸಿಕ್ಕರೂ ಬೆಂಗಳೂರಿನ ಬೆಳಕಿನ ಗುಮ್ಮಟ (ನಗರದ ಮೇಲೆ ಆಕಾಶದಲ್ಲಿ ಕವಿದ ಹೊಳಪು) ದಕ್ಷಿಣ ಮತ್ತು ಆಗ್ನೇಯದ ನಡುವೆ, ಅಂದರೆ ಒಮೆಗಾ ಸೆಂಟಾರಿ ಮೇಲೇರಿ ಬರುವ ದಾರಿಯಲ್ಲಿಯೇ ನಿಲ್ಲುತ್ತದೆ. ಅಷ್ಟೇ ದೂರ ದಕ್ಷಿಣಕ್ಕೆ, ಕೊಳ್ಳೇಗಾಲ ಹನೂರಿನ ಕಡೆಗೆ ಹೋದರೆ ಅದೇ ಗುಮ್ಮಟ ಉತ್ತರಕ್ಕೆ ಸರಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಸಪ್ತರ್ಷಿ ಮಂಡಲದ ಎಂ 81, ಎಂ 82 ಗೆಲಾಕ್ಸಿಗಳು ನಮ್ಮಲ್ಲಿ ಉತ್ತರದಲ್ಲಿ ತಗ್ಗಾಗಿಯೇ ಇರುವುದರಿಂದ ಅವು ಇನ್ನಷ್ಟು ಮಂಕಾಗುತ್ತವೆ. ಹಾಗೆಯೇ ಮೆಟ್ಟೂರು, ಈರೋಡ್ ಕಡೆಯ ಬೆಳಕು ಎಷ್ಟು ಬರುತ್ತದೆಂದು ನಿಂತು ನೋಡಿಯೇ ತೀರ್ಮಾನಿಸಬೇಕು.

ನಕ್ಷೆಯ ಬಗ್ಗೆ ಇನ್ನೊಂದು ಮಾತು. ಈ ನಕ್ಷೆಗಳಿಗೆ ಆಧಾರವಾಗಿರುವ ಉಪಗ್ರಹದ, ರಾತ್ರಿಯ ಬೆಳಕನ್ನು ಅಳೆಯುವ ವಿಐಐಆರ್‌ಎಸ್ ಉಪಕರಣಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಹಳದಿ ಸೋಡಿಯಂ ದೀಪಗಳನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದ ಪಟ್ಟಣ ಅದರ ಲೆಕ್ಕದಲ್ಲಿ ಮಂಕಾಗಿರಬಹುದು, ಆದರೆ ನೀಲಿ ಬೆಳಕು ವಾತಾವರಣದಲ್ಲಿ ಹೆಚ್ಚು ಚದುರುವುದರಿಂದ ನಮ್ಮ ಕಣ್ಣಿಗೆ ಆಕಾಶ ಮೊದಲಿಗಿಂತ ಬೆಳ್ಳಗಿರುತ್ತದೆ.

ಉತ್ತರ 2

ದಿಕ್ಕಿನ ವಿಚಾರದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ. ನೆಲದ ವಿಚಾರವನ್ನಷ್ಟು ಸೇರಿಸುತ್ತೇನೆ. ಜಾಗವನ್ನು ಹಗಲಿನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಹಗಲಲ್ಲಿ ಬರೀ ಹೊಲವಾಗಿ ಕಂಡದ್ದು ರಾತ್ರಿ ಬೇರೆಯೇ ಆಗಿರುತ್ತದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಸುತ್ತ ಸೇವಂತಿಗೆ ಬೆಳೆಯುವವರು ಸಾಲುಸಾಲಾಗಿ ಬಲ್ಬುಗಳನ್ನು ಕಟ್ಟಿ ರಾತ್ರಿ ಉರಿಸುತ್ತಾರೆ. ಸೇವಂತಿಗೆ ರಾತ್ರಿ ದೀರ್ಘವಾದಾಗ ಮೊಗ್ಗು ಬಿಡುವ ಗಿಡ; ಬೆಳಕು ಕೊಟ್ಟು ರಾತ್ರಿಯನ್ನು ತುಂಡರಿಸಿದರೆ ಹೂ ಬಿಡುವುದನ್ನು ಮುಂದೂಡಿ ಗಿಡ ಎತ್ತರಕ್ಕೆ ಬೆಳೆಯುತ್ತದೆ. ಅವರ ಹೊಟ್ಟೆಪಾಡು ಅದು, ದೂರುವಂತಿಲ್ಲ, ಆದರೆ ಅಂಥ ಒಂದು ತೋಟ ಅರ್ಧ ಕಿಲೋಮೀಟರು ದೂರದಲ್ಲಿದ್ದರೂ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದು ಕಷ್ಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬರುವ ಊರುಗಳಲ್ಲಿ ಮೋಟಾರು ಮನೆಯ ಮುಂದಿನ ದೀಪವೂ ಉರಿಯುತ್ತಿರಬಹುದು. ಆದ್ದರಿಂದ ಆರಿಸಿದ ಜಾಗಕ್ಕೆ ದೂರದರ್ಶಕವಿಲ್ಲದೆ ಒಮ್ಮೆ ರಾತ್ರಿ ಹೋಗಿ, ನಡುರಾತ್ರಿ ದಾಟುವವರೆಗೆ ಸುಮ್ಮನೆ ಕುಳಿತು ಬರುವುದು ಒಳ್ಳೆಯದು.

ಕಾಡಿನಂಚಿನ ಬಯಲಿಗೆ ಮನಸ್ಸು ಎಳೆಯುತ್ತದೆ, ನಿಜ. ಆದರೆ ಕೊಳ್ಳೇಗಾಲ, ಹನೂರಿನ ಕಡೆ ಆನೆಗಳ ಓಡಾಟವಿದೆ, ಮತ್ತು ಅನುಮತಿ ಇಲ್ಲದೆ ಅರಣ್ಯದೊಳಗೆ ರಾತ್ರಿ ಉಳಿಯುವಂತಿಲ್ಲ. ಪರಿಚಯದವರ ಜಮೀನು, ತೋಟದ ಮನೆ ಅಥವಾ ದೀಪ ಆರಿಸಲು ಒಪ್ಪುವ ಹೋಂಸ್ಟೇ ಇವೇ ಸರಿ. ಜಮೀನಿನ ಯಜಮಾನರು ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ತಿಳಿಸಿರಲಿ. ನಡುರಾತ್ರಿ ಕೆಂಪು ಟಾರ್ಚು ಹಿಡಿದು ಉದ್ದನೆಯ ಕೊಳವೆಯೊಂದಿಗೆ ಓಡಾಡುವವರನ್ನು ನಿಧಿಗಳ್ಳರೆಂದು ತಿಳಿದರೆ ಊರವರ ತಪ್ಪಲ್ಲ.

ಕಾಲದ ವಿಚಾರಕ್ಕೆ ಬಂದರೆ, ಡಿಸೆಂಬರ್, ಜನವರಿಯಲ್ಲಿ ಮೋಡ ಕಡಿಮೆ, ಇಬ್ಬನಿ ಹೆಚ್ಚು. ಕೆರೆಯ ಪಕ್ಕ, ತಗ್ಗಿನ ಗದ್ದೆಯ ಬಯಲು ಬೇಡ. ಸ್ವಲ್ಪ ಎತ್ತರದ, ಗಾಳಿಯಾಡುವ ನೆಲದಲ್ಲಿ ಗಾಜು ಬೇಗ ಮಸುಕಾಗುವುದಿಲ್ಲ. ಫೆಬ್ರವರಿ ಕಳೆದಂತೆ ಧೂಳು, ಹೊಗೆ ಹೆಚ್ಚುತ್ತವೆ. ಒಮೆಗಾ ಸೆಂಟಾರಿಯನ್ನೇ ಗುರಿಯಾಗಿಟ್ಟುಕೊಂಡರೆ ಫೆಬ್ರವರಿ ಕೊನೆಯಲ್ಲಿ ಬೆಳಗಿನ ಜಾವ 3 ಗಂಟೆಯ ಸುಮಾರಿಗೆ ಅದು ನೇರ ದಕ್ಷಿಣದಲ್ಲಿರುತ್ತದೆ. ಮೇ ತಿಂಗಳ ನಡುವಿನಲ್ಲಿ ರಾತ್ರಿ 10ಕ್ಕೇ ಸಿಗುತ್ತದೆ, ಆದರೆ ಆ ಹೊತ್ತಿಗೆ ಸಂಜೆಯ ಮೋಡ ಬಿಡಬೇಕಲ್ಲ!

ಉತ್ತರ 3

ಹಾನ್ಲೆಯ ಬಗ್ಗೆ ಮಾತ್ರ ಹೇಳುತ್ತೇನೆ. ಆಕಾಶದ ಗುಣದಲ್ಲಿ ಅದಕ್ಕೆ ಸಮನಾದದ್ದು ಈ ದೇಶದಲ್ಲಿ ಸಿಗುವುದು ಕಷ್ಟ. 2022ರ ಡಿಸೆಂಬರಿನಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚಿಸಲಾಗಿದೆ. ಆದರೆ ಅಲ್ಲಿನ ವೀಕ್ಷಣಾಲಯ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಲೇಹ್‌ನಲ್ಲಿ ಕೆಲವು ದಿನ ತಂಗಿ ದೇಹವನ್ನು ಹೊಂದಿಸಿಕೊಳ್ಳದೆ ಮುಂದೆ ಹೋಗಬಾರದು. ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ: ಆಮ್ಲಜನಕ ಕಡಿಮೆಯಾದರೆ ಇರುಳಿನಲ್ಲಿ ಕಣ್ಣಿನ ಸೂಕ್ಷ್ಮತೆಯೂ ಇಳಿಯುತ್ತದೆ, ಹಾಗಾಗಿ ಆಕಾಶ ಎಷ್ಟೇ ಕಪ್ಪಗಿದ್ದರೂ ಹೊಸಬರಿಗೆ ಅದರ ಪೂರ್ಣ ಲಾಭ ಸಿಗದು. ಅಲ್ಲಿನ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನೇ ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ.

ಹಾನ್ಲೆಗೆ ಹೋಗಿ, ಆದರೆ ಅದನ್ನು ಹನೂರಿನ ಬದಲಿಗೆ ಎಂದುಕೊಳ್ಳಬೇಡಿ. ಮಂಕಾದ ಗೆಲಾಕ್ಸಿಯನ್ನು ಗುರುತಿಸಲು ಕಣ್ಣು ಪಳಗುವುದು ಹತ್ತಿರದ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ. ಹಾನ್ಲೆಗೆ 8 ಇಂಚಿನ ಡಾಬ್ಸೋನಿಯನ್ನನ್ನು ಹೊತ್ತೊಯ್ಯುವ ಗೋಜೂ ಬೇಡ. ಒಳ್ಳೆಯ 10×50 (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್, ಮಡಚುವ ಕುರ್ಚಿ, ಮತ್ತು ಚಳಿಗೆ ಬೇಗ ಬರಿದಾಗುವ ಬ್ಯಾಟರಿಗಳನ್ನು ಇಟ್ಟುಕೊಳ್ಳಲು ಜಾಕೆಟ್ಟಿನ ಒಳಜೇಬು ಇದ್ದರೆ ಸಾಕು.